ಕಸದ ನೀರಿಗೂ ಲೆಕ್ಕವಿರಲಿ: ಹಾಸನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸಕಲೇಶಪುರ, ಆಲೂರು ಕಡೆ ಕಸ ವಿಲೇವಾರಿಯ ಮಾತೆತ್ತಿದರೆ ಮಳೆಯ ಮಾತನ್ನೂ ಎತ್ತಲೇಬೇಕು. ಬಯಲಲ್ಲಿ ರಾಶಿ ಹಾಕಿದ ಕಸದ ಮೇಲೆ ಮುಂಗಾರು ಸುರಿದರೆ, ಒಳಗಿಳಿದ ನೀರು ಕಪ್ಪಾಗಿ ಬುಡದಲ್ಲಿ ಜಿನುಗುತ್ತದೆ. ಈ ಲೀಚೇಟ್ ಪೂರ್ವದ ಹಳ್ಳ ಹಿಡಿದರೆ ಹೇಮಾವತಿಗೂ ಗೊರೂರು ಜಲಾಶಯಕ್ಕೂ ಸೇರುತ್ತದೆ. ಘಟ್ಟದಂಚಿನಲ್ಲಿ ಪಶ್ಚಿಮಕ್ಕೆ ಇಳಿದರೆ ಕೆಂಪುಹೊಳೆ, ಕುಮಾರಧಾರೆಯ ಪಾಲು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮನೆ-ತೋಟಗಳನ್ನು ಮುಚ್ಚಿದ್ದು ಇಂಥದೇ ಮಳೆಗಾಲದಲ್ಲಿ.

ಲೀಚೇಟನ್ನು ಮನೆಗಳ ಕೊಳಚೆ ನೀರಿನೊಂದಿಗೆ ಬೆರೆಸಿ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ (ಎಸ್‌ಟಿಪಿ) ಶುದ್ಧೀಕರಿಸುವ ಕ್ರಮ ಹಲವು ದೇಶಗಳಲ್ಲಿ ಹಳೆಯದು. ಲೀಚೇಟಿನಲ್ಲಿ ಅಮೋನಿಯಾ ವಿಪರೀತ, ರಂಜಕ ಕಡಿಮೆ. ಕೊಳಚೆ ನೀರು ಅದರ ತೀಕ್ಷ್ಣತೆ ತಗ್ಗಿಸಿ, ಬ್ಯಾಕ್ಟೀರಿಯಾಗಳಿಗೆ ಬೇಕಾದ ರಂಜಕವನ್ನೂ ಕೊಡುತ್ತದೆ. ಆದರೆ ಬೆರೆಸುವುದೇ ಶುದ್ಧೀಕರಣವಲ್ಲ. 1 ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು, 7 ಗ್ರಾಂಗೂ ಹೆಚ್ಚು ಕ್ಷಾರೀಯತೆ ಖರ್ಚಾಗುತ್ತದೆ. ಕರೆಂಟು ಹೋಗಿ ಗಾಳಿಯೂಡುವ ಏರೇಟರ್ ನಿಂತರೆ, ಕ್ಷಾರೀಯತೆ ತುಂಬಲು ಸುಣ್ಣ ಹಾಕದೆ ಬಿಟ್ಟರೆ ಈ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಸೊರಗುತ್ತವೆ; ಮಳೆಗಾಲದ ತಂಪಿನಲ್ಲಿ ಅವು ಮೊದಲೇ ನಿಧಾನ. ಅದಕ್ಕೇ ಲೀಚೇಟಿನ ಪಾಲನ್ನು ಒಟ್ಟು ಹರಿವಿನ ಶೇ 10ರೊಳಗೆ ಇಡುವುದು ಸಾಮಾನ್ಯ ರೂಢಿ. ಹಳೆಯ ರಾಶಿಯ ಲೀಚೇಟಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಜೀರ್ಣವಾಗದ ಅಂಶವೇ ಹೆಚ್ಚು. ಅದಕ್ಕೆ ಬೇರೆ ಹಂತದ ಚಿಕಿತ್ಸೆಯೂ ಬೇಕು.

ಅಂದರೆ ಬೆರೆಸುವುದು ತಪ್ಪಲ್ಲ, ಅಳತೆಯಿಲ್ಲದೆ ಬೆರೆಸುವುದು ತಪ್ಪು. ರಸ್ತೆ ಬದಿಯ ಚರಂಡಿಯಲ್ಲಿ ಲೀಚೇಟೂ ಕೊಳಚೆ ನೀರೂ ತಾವಾಗಿ ಕೂಡಿಕೊಂಡು ಹಳ್ಳ ಸೇರಿದರೆ ಅದಕ್ಕೆ ಯಾವ ಶಾಸ್ತ್ರದ ಬೆಂಬಲವೂ ಇಲ್ಲ. ಕಾಫಿ ಬೆಳೆಗಾರ ಹಣ್ಣಿನ ಸಿಪ್ಪೆ ಸುಲಿದ (ಪಲ್ಪಿಂಗ್) ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಸುಣ್ಣ ಹಾಕಿ, ಹೊಂಡದಲ್ಲಿ ನಿಲ್ಲಿಸಿ ಶುದ್ಧೀಕರಿಸಬೇಕು. ತೋಟಕ್ಕಿರುವ ಶಿಸ್ತು ಊರಿಗೂ ಇರಬೇಕಲ್ಲವೇ?

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಗುಡ್ಡದ ಮೇಲೆ ಭೂಭರ್ತಿ ಬೇಡವೆಂದವು. ಹೊಳೆಗೆ ಬಿಡುವ ಸಂಸ್ಕರಿತ ಲೀಚೇಟಿಗೆ ಪ್ರತಿ ಲೀಟರಿಗೆ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) 30, ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) 250, ಅಮೋನಿಯಾ ಸಾರಜನಕ 50 ಮಿಲಿಗ್ರಾಂ ಎಂದು ಮಿತಿ ಹಾಕಿದವು. ಸ್ಥಳೀಯ ಸಂಸ್ಥೆಗಳ ಕೆಲಸವನ್ನು ಮೂರು ತಿಂಗಳಿಗೊಮ್ಮೆಯಾದರೂ ಪರಿಶೀಲಿಸುವ ಹೊಣೆಯನ್ನು ಜಿಲ್ಲಾಧಿಕಾರಿಗೇ ಕೊಟ್ಟವು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಮುಂಗಾರಿಗೆ ಮೊದಲು ಕಸದ ರಾಶಿಗಳ ಮೇಲೆ ಹೊದಿಕೆ, ಸುತ್ತ ಮಳೆನೀರು ತಿರುಗಿಸುವ ಕಾಲುವೆ, ಬುಡದಲ್ಲಿ ಸೋರದ ಹೊಂಡ ಮಾಡಿಸಿ. ಹೊಂಡದಿಂದ ಎಸ್‌ಟಿಪಿಗೆ ಹೋಗುವ ಪ್ರತಿ ಟ್ಯಾಂಕರಿನ ಅಳತೆ ದಾಖಲಾಗಲಿ. ಏರೇಟರಿಗೆ ಜನರೇಟರ್ ಇರಲಿ. ಹಸಿ ಕಸ ಮೂಲದಲ್ಲೇ ಬೇರೆಯಾಗಿ ಗೊಬ್ಬರವಾದರೆ ಲೀಚೇಟಿನ ಹೊರೆಯೂ ಇಳಿಯುತ್ತದೆ. ಹೊರಬಿಡುವ ನೀರಿನ ಪರೀಕ್ಷಾ ವರದಿಯನ್ನು ಪ್ರತಿ ತಿಂಗಳು ಪುರಸಭೆ ಮತ್ತು ಪಟ್ಟಣ ಪಂಚಾಯಿತಿ ಕಚೇರಿಯ ಹಲಗೆಗೆ ಹಾಕಿಸಿ. ಮುಂದಿನ ತ್ರೈಮಾಸಿಕ ಸಭೆಯ ಮೊದಲ ವಿಷಯ ಇದೇ ಆಗಲಿ ಎಂದು ಕೋರುತ್ತೇನೆ.

ಇಂತಿ,
ಸಕಲೇಶಪುರ ಸೀಮೆಯ ಒಬ್ಬ ನಾಗರಿಕ