ಸಾವಿರ ಚಿತ್ರಗಳ ನಡುವೆ ಇಲ್ಲದ ಮುಖ

ಕಳೆದ ವರ್ಷ ನನ್ನ ಪತ್ನಿ ತೀರಿಕೊಂಡಾಗ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಪ್ರಕಟಿಸಲು ಒಂದು ಭಾವಚಿತ್ರ ಬೇಕಾಯಿತು. ಮೊಬೈಲ್‌ನಲ್ಲಿ ಸಾವಿರಾರು ಚಿತ್ರಗಳಿದ್ದವು. ಆಕೆಯ ಮುಖ ಸ್ಪಷ್ಟವಾಗಿ ಕಾಣುವಂಥದ್ದು ಒಂದೂ ಇರಲಿಲ್ಲ. ಕೊನೆಗೆ ಮದುವೆಯೊಂದರ ಗುಂಪುಚಿತ್ರದಿಂದ ಆಕೆಯನ್ನು ಬೇರ್ಪಡಿಸಿ ತೆಗೆದೆವು. ತಪ್ಪು ಮೊಬೈಲಿನದಲ್ಲ, ಅದನ್ನು ಹಿಡಿದಿದ್ದ ನನ್ನದು.

ಅರ್ಥಶಾಸ್ತ್ರ ಓದಿದ ನನಗೆ ಕಾರಣ ಮೊದಲೇ ಹೊಳೆಯಬೇಕಿತ್ತು. ಒಂದು ರೋಲಿಗೆ 36 ಚಿತ್ರಗಳಷ್ಟೇ ದಕ್ಕುತ್ತಿದ್ದ ಕಾಲದಲ್ಲಿ ಕೊರತೆಯೇ ನಮಗೆ ಗಮನವನ್ನು ಕಲಿಸಿತ್ತು. ಈಗ ಚಿತ್ರ ಅಗ್ಗವಾಗಿದೆ, ಗಮನ ದುರ್ಲಭವಾಗಿದೆ.

ಇದಕ್ಕೆ ದುಬಾರಿ ಕ್ಯಾಮೆರಾ ಪರಿಹಾರವಲ್ಲ. ಮನೆಯವರನ್ನು ಕಿಟಕಿಯ ಪಕ್ಕ ಕೂರಿಸಿದರೆ ಓರೆಯಾಗಿ ಬೀಳುವ ಬೆಳಕೇ ಮುಖಕ್ಕೆ ಜೀವ ತುಂಬುತ್ತದೆ. ಹಿನ್ನೆಲೆಯ ಬಟ್ಟೆ ಹಗ್ಗ, ಕ್ಯಾಲೆಂಡರ್‌ಗಳು ಚೌಕಟ್ಟಿನ ಹೊರಗಿರಲಿ. ಮಗುವಾಗಲಿ, ನಾಯಿಯಾಗಲಿ, ಅದರ ಕಣ್ಣಿನ ಮಟ್ಟಕ್ಕೆ ನಾವೇ ಇಳಿದು ಕೂರಬೇಕು. ನಿಂತು ತೆಗೆದರೆ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ ಕಾಣುತ್ತದೆ. ನಾಯಿ, ಬೆಕ್ಕುಗಳ ಕಣ್ಣಿನೊಳಗೆ ಬೆಳಕನ್ನು ಪ್ರತಿಫಲಿಸುವ ಪದರವಿರುವುದರಿಂದ ಫ್ಲ್ಯಾಷ್ ಬಳಸಿದರೆ ಕಣ್ಣು ಹಸಿರಾಗಿ ಉರಿಯುತ್ತದೆ. ಅದನ್ನು ಆರಿಸಿಡುವುದೇ ಲೇಸು. ‘ಇಲ್ಲಿ ನೋಡಿ, ನಗಿ’ ಎಂದು ಒತ್ತಾಯಿಸುವ ಬದಲು ಅವರು ತಮ್ಮ ಕೆಲಸದಲ್ಲಿ ಮೈಮರೆಯುವವರೆಗೆ ಕಾಯಬೇಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರು ತೆಗೆದ ಮಕ್ಕಳ ಚಿತ್ರಗಳನ್ನು ನೋಡಿದವರಿಗೆ ಈ ತಾಳ್ಮೆಯ ಬೆಲೆ ತಿಳಿದೀತು.

ತಿಂಗಳಿಗೊಂದು ಚಿತ್ರವನ್ನಾದರೂ ಆರಿಸಿ, ಮುದ್ರಿಸಿ, ಹಿಂಬದಿಯಲ್ಲಿ ಹೆಸರು, ದಿನಾಂಕ ಬರೆದಿಡಿ. ಎಲ್ಲಕ್ಕಿಂತ ಮೊದಲು, ಹಬ್ಬದ ದಿನ ಎಲ್ಲರಿಗೂ ಬಡಿಸುತ್ತಾ ಚೌಕಟ್ಟಿನ ಅಂಚಿನಲ್ಲೇ ಉಳಿದುಬಿಡುವವರನ್ನು ಕಿಟಕಿಯ ಬಳಿ ಕರೆದು ಕೂರಿಸಿ. ನಾನು ಆ ಕೆಲಸವನ್ನು ನಾಳೆಗೆ ಮುಂದೂಡುತ್ತಲೇ ಬಂದಿದ್ದೆ.