ರಬ್ಬರ್ ಹುಳು ಗಾಳದಲ್ಲೇ ಇರಲಿ

ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಹುಳು ಜಾರಿ ಬೀಳದ ಹಾಗೆ ಹಿಡಿದಿಡೋದು ಹೇಗೆ? ಇದೂ ಬರೆಯುವಂಥ ವಿಷಯವಾ ಅಂತ ನಗಬೇಡಿ :-) ಇಲ್ಲಿ ಟೆಕ್ಸಸ್ಸಿನಲ್ಲಿ ಶನಿವಾರ, ಭಾನುವಾರ ಕೆರೆ ದಂಡೆಯಲ್ಲಿ ಕಳೆಯುವ ನನ್ನಂಥವರ ನಡುವೆ ಇದು ಮುಗಿಯದ ಚರ್ಚೆ. ಆದರೆ ಆ ಚರ್ಚೆಯೆಲ್ಲ ಒಂದೋ ದುಡ್ಡಿನ ಸುತ್ತ, ಇಲ್ಲಾ ಎಷ್ಟು ಮೀನು ಸಿಕ್ಕಿತು ಅನ್ನೋದರ ಸುತ್ತ ತಿರುಗುತ್ತೆ. ನನಗೆ ಅವೆರಡೂ ಅಷ್ಟು ಮುಖ್ಯ ಅನ್ನಿಸೋದಿಲ್ಲ. ಜಾರಿಬಿದ್ದ ಹುಳು ಅಂದರೆ ನೀರಿಗೆ ಹಾಕಿದ ಪ್ಲಾಸ್ಟಿಕ್. ಅದನ್ನು ಗಾಳದಲ್ಲೇ ಉಳಿಸಿಕೊಳ್ಳೋದು ಗಾಳ ಹಾಕುವವನ ಜವಾಬ್ದಾರಿ.

ಗಾಳ ಹಿಡಿದೇ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮೂರುಗಳಲ್ಲಿ ಗಾಳ ಅಂದರೆ ಎರೆಹುಳು. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ ಕಡೆ ಒಂದು ಕಾಲದಲ್ಲಿ ಮಹಶೀರ್ ಮೀನಿಗೆ ರಾಗಿ ಉಂಡೆ ಕಟ್ಟುತ್ತಿದ್ದರು. ಉಂಡೆಯನ್ನು ಬೇಯಿಸಿ ಗಟ್ಟಿ ಮಾಡಿಕೊಳ್ಳುತ್ತಿದ್ದದ್ದು ಯಾಕೆ ಗೊತ್ತಾ? ಹೊಳೆಯ ಸೆಳೆತಕ್ಕೆ ಗಾಳದಿಂದ ಕರಗಿ ಹೋಗದೆ ಇರಲಿ ಅಂತ. ಅಂದರೆ ಎರೆಯನ್ನು ಗಾಳದಲ್ಲಿ ನಿಲ್ಲಿಸುವ ತಲೆನೋವು ಹೊಸದಲ್ಲ. ಆದರೆ ಅಲ್ಲಿ ಉಂಡೆ ಕಳಚಿಕೊಂಡರೆ ನಷ್ಟ ಗಾಳದವನಿಗೆ ಮಾತ್ರ, ಮೀನಿಗೆ ಬಿಟ್ಟಿ ಮುದ್ದೆ ಊಟ! ರಬ್ಬರ್ ಹುಳುವಿನ ವಿಷಯ ಹಾಗಲ್ಲ.

ರಬ್ಬರ್ ಹುಳು ಅಂತ ಕರೆದರೂ ಅದರಲ್ಲಿ ರಬ್ಬರ್ ಇಲ್ಲ. 1949ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ತಮ್ಮ ಮನೆಯಲ್ಲೇ ಪ್ಲಾಸ್ಟಿಕ್ಕಿನ ಎರೆಹುಳು ಎರಕ ಹೊಯ್ದು ನೋಡಿದರು. ಆಮೇಲೆ ಅವರ ಕಂಪನಿ ಟೆಕ್ಸಸ್ಸಿನ ಟೈಲರ್‌ಗೆ ಬಂತು. ಇವತ್ತಿಗೂ ಹೆಚ್ಚಿನ ಹುಳುಗಳು ಪಿವಿಸಿಯವೇ. ಪಿವಿಸಿ ಪುಡಿಗೆ ಅದನ್ನು ಮೆತ್ತಗಾಗಿಸುವ ಎಣ್ಣೆಯಂಥ ದ್ರವ ಬೆರೆಸಿ, ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅಚ್ಚಿಗೆ ಹೊಯ್ಯುತ್ತಾರೆ. ಎಣ್ಣೆ ಹೆಚ್ಚಾದಷ್ಟೂ ಹುಳು ಮೃದು. ಮೃದುವಾದಷ್ಟೂ ನೀರಿನಲ್ಲಿ ಚೆನ್ನಾಗಿ ಬಳುಕುತ್ತೆ, ಮೀನಿಗೆ ಇಷ್ಟವಾಗುತ್ತೆ. ಅಷ್ಟೇ ಬೇಗ ಹರಿಯುತ್ತೆ ಕೂಡ. ಮುಳುಗಲಿ ಅಂತ ಉಪ್ಪು ತುಂಬಿದ ಹುಳುಗಳಂತೂ ಎರಡು ಮೀನು ಕಚ್ಚುವಷ್ಟರಲ್ಲಿ ಚಿಂದಿ.

ಬಾಸ್ ಮೀನು ಹಿಡಿಯುವವರು ಹೆಚ್ಚಾಗಿ ಬಳಸೋದು ಟೆಕ್ಸಸ್ ರಿಗ್. ಗಾಳದ ತುದಿಯನ್ನು ಹುಳುವಿನ ಮೂತಿಗೆ ಅರ್ಧ ಸೆಂಟಿಮೀಟರಿನಷ್ಟು ಚುಚ್ಚಿ ಪಕ್ಕದಿಂದ ಹೊರತೆಗೀತಾರೆ. ಮೂತಿಯನ್ನು ದಾರ ಕಟ್ಟುವ ಕಣ್ಣಿನವರೆಗೂ ಎಳೆದು, ಗಾಳ ತಿರುಗಿಸಿ, ತುದಿಯನ್ನು ಹುಳುವಿನ ಮೈಯೊಳಗೆ ಬಚ್ಚಿಡ್ತಾರೆ. ಹಾಗಾಗಿ ಜೊಂಡಿನ ನಡುವೆ ಎಳೆದರೂ ಗಾಳ ಸಿಕ್ಕಿಹಾಕಿಕೊಳ್ಳಲ್ಲ. ಆದರೆ ಇಡೀ ಹುಳುವನ್ನು ಹಿಡಿದಿಟ್ಟಿರೋದು ಆ ಅರ್ಧ ಸೆಂಟಿಮೀಟರ್ ಮೂತಿ. ಬೀಸಿ ಎಸೆದಾಗ ಒಂದು ಜಗ್ಗು, ಜೊಂಡಿನಲ್ಲಿ ಎಳೆದಾಗ ಇನ್ನೊಂದು, ಬ್ಲೂಗಿಲ್‌ನಂಥ ಚಿಕ್ಕ ಮೀನು ಬಾಲ ಕಚ್ಚಿದಾಗ ಮತ್ತೊಂದು. ತೂತು ದೊಡ್ಡದಾಗುತ್ತೆ, ಮೂತಿ ಕೆಳಗೆ ಜಾರುತ್ತೆ, ಹುಳು ಗಾಳದ ಬಾಗಿನಲ್ಲಿ ಮುದ್ದೆಯಾಗುತ್ತೆ. ಮುಂದಿನ ಸಲ ಎಸೆದಾಗ ಸೀಸದ ಗುಂಡು ಒಂದು ಕಡೆ, ಹುಳು ಇನ್ನೊಂದು ಕಡೆ.

ಒಂದು ಹುಳು ಹೋದರೆ ಏನಾಯ್ತು ಅಂತೀರಾ? ಕೆನಡಾದ ಒಂಟಾರಿಯೊದಲ್ಲಿ ಚಾರ್ಲ್‌ಸ್ಟನ್ ಲೇಕ್ ಅಂತ ಒಂದು ಸರೋವರ ಇದೆ. ಸಂಶೋಧಕರು ಅದರ ದಂಡೆಯುದ್ದಕ್ಕೂ ನೀರಿನಲ್ಲಿ ಈಜುತ್ತಾ ಹುಡುಕಿ ಎಣಿಸಿದರು. 2014ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ದಂಡೆಯ ಒಂದು ಕಿಲೋಮೀಟರಿಗೆ ವರ್ಷಕ್ಕೆ ಹತ್ತಿರ ಹತ್ತಿರ 80 ಪ್ಲಾಸ್ಟಿಕ್ ಹುಳು ಬೀಳುತ್ತಿದ್ದವು. ಇಂಥ ಹುಳುಗಳನ್ನು ಎರಡು ವರ್ಷ ನೀರಿನಲ್ಲಿ ನೆನೆಸಿಟ್ಟು ನೋಡಿದರೆ ಕೊಳೆಯುವ ಲಕ್ಷಣವೇ ಹೆಚ್ಚುಕಡಿಮೆ ಇಲ್ಲ, ಬದಲಿಗೆ ಊದಿಕೊಂಡಿದ್ದವು. ಇದಕ್ಕೂ ಮೊದಲು 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ತೊಟ್ಟಿಯಲ್ಲಿ ಸಾಕಿದ ಬ್ರೂಕ್ ಟ್ರೌಟ್ ಮೀನುಗಳ ಮುಂದೆ ಗಾಳವಿಲ್ಲದ ಹುಳು ಹಾಕಿದ್ದರು. ನೂರಕ್ಕೆ 63ರಷ್ಟು ಮೀನುಗಳು ತಾವಾಗಿಯೇ ನುಂಗಿದವು. 90 ದಿನವಾದರೂ ಕೆಲವಕ್ಕೆ ಅದನ್ನು ಹೊರಹಾಕೋಕೆ ಆಗಲಿಲ್ಲ. ಹೊಟ್ಟೆ ತುಂಬಿದೆ ಅನ್ನುವಂತೆ ಊಟ ಬಿಟ್ಟು ತೂಕ ಕಳೆದುಕೊಂಡವು.

ಇನ್ನೊಂದು ಬದಿಯನ್ನೂ ಹೇಳಬೇಕು. ಅದೇ ಚಾರ್ಲ್‌ಸ್ಟನ್ ಸರೋವರದಲ್ಲಿ ಮೀನುಗಳನ್ನು ಹಿಡಿದು ಹೊಟ್ಟೆ ನೋಡಿದಾಗ ಪ್ಲಾಸ್ಟಿಕ್ ಸಿಕ್ಕಿದ್ದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ ಮೀನುಗಳಲ್ಲಿ. ಹಾಗಾಗಿ ಪ್ರಳಯವೇ ಆಗಿಹೋಯ್ತು ಅಂತ ನಾನು ಕೂಗಾಡಲ್ಲ. ಆದರೆ ಸುಲಭವಾಗಿ ತಪ್ಪಿಸಬಹುದಾದದ್ದನ್ನು ತಪ್ಪಿಸದೆ ಇರೋಕೆ ಅದೊಂದು ನೆಪ ಆಗಬಾರದು.

ಸುಲಭ ಅಂದೆ, ಯಾಕೆ ಅಂತ ಹೇಳ್ತೀನಿ. ದಾರಿಗಳು ಬೇಕಾದಷ್ಟಿವೆ:

- ಗಾಳದ ಕಣ್ಣಿಗೆ ಪುಟ್ಟ ಸ್ಪ್ರಿಂಗ್ ಇರುವ ಸ್ಕ್ರೂ ಲಾಕ್ ಗಾಳ. ಹುಳುವಿನ ಮೂತಿಯನ್ನು ಅದಕ್ಕೆ ಸ್ಕ್ರೂ ತಿರುಗಿಸಿದಂತೆ ತಿರುಗಿಸಿ ಕೂರಿಸಬೇಕು. ಎಳೆತವೆಲ್ಲ ಒಂದು ತೂತಿನ ಮೇಲೆ ಬೀಳದೆ ಸ್ಪ್ರಿಂಗಿನ ಸುತ್ತುಗಳಿಗೆ ಹಂಚಿಹೋಗುತ್ತೆ.

- ಹಳಬರ ಉಪಾಯ: ಹುಳುವಿನ ಮೂತಿ ಮತ್ತು ಅದರೊಳಗಿರುವ ಗಾಳದ ಕಣ್ಣು ಎರಡನ್ನೂ ಹಾದುಹೋಗುವಂತೆ ಒಂದು ತುಂಡು ದಪ್ಪ ನೈಲಾನ್ ದಾರ ತೂರಿಸಿ, ಎರಡೂ ಕಡೆ ಕತ್ತರಿಸಿಬಿಡೋದು. ಖರ್ಚು ಸೊನ್ನೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

- ಸೀಸದ ತಲೆಯಿರುವ ಜಿಗ್ ಗಾಳವಾದರೆ ಕುತ್ತಿಗೆಗೆ ಒಂದು ಹನಿ ಸೂಪರ್ ಗ್ಲೂ. ಹರಿಯುವಂಥದ್ದಕ್ಕಿಂತ ಜೆಲ್ ವಾಸಿ. ಈ ಅಂಟು ಗಟ್ಟಿಯಾಗೋದೇ ತೇವಾಂಶದಿಂದ, ಹಾಗಾಗಿ ಕೆರೆ ದಂಡೆಯಲ್ಲೂ ಕೆಲಸ ಮಾಡುತ್ತೆ. ಬೆರಳು ಮಾತ್ರ ಜೋಪಾನ!

- ಹುಳುವಿನ ನಡುವಿಗೆ ಗಾಳ ಹಾಕುವ ವ್ಯಾಕಿ ರಿಗ್ ಆದರೆ ನಡುವಿಗೊಂದು ಓ ರಿಂಗ್ ಹಾಕಿ, ಗಾಳವನ್ನು ಆ ರಿಂಗಿನ ಕೆಳಗೆ ತೂರಿಸೋದು. ಆಗ ಎಳೆತ ಹುಳುವಿನ ಮೈಗಿಂತ ಹೆಚ್ಚಾಗಿ ರಿಂಗಿನ ಮೇಲೆ ಬೀಳುತ್ತೆ.

- ಎಲಾಜ್‌ಟೆಕ್‌ನಂಥ ಬೇರೆ ಬಗೆಯ ಪ್ಲಾಸ್ಟಿಕ್. ಎಷ್ಟು ಎಳೆದರೂ ಸುಲಭಕ್ಕೆ ಹರಿಯಲ್ಲ. ಮಾಮೂಲಿ ಹುಳುಗಳ ಜೊತೆ ಒಂದೇ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಎರಡೂ ಕರಗಿ ಅಂಟಂಟಾಗುತ್ತೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ನನಗೆ ಗೊತ್ತು. ‘ಹುಳುವನ್ನು ಅಷ್ಟು ಬಿಗಿ ಮಾಡಿದರೆ ಮೀನು ಕಚ್ಚಿದಾಗ ಮೈ ಕುಗ್ಗಲ್ಲ, ಗಾಳದ ತುದಿ ಹೊರಗೆ ಬರಲ್ಲ, ಮೀನು ತಪ್ಪಿಸಿಕೊಳ್ಳುತ್ತೆ.’ ಮಾತು ಸರಿ, ಆದರೆ ಅದು ಮೈಗೆ ಅನ್ವಯಿಸುತ್ತೆ, ಮೂತಿಗಲ್ಲ. ಮೂತಿಯನ್ನಷ್ಟೇ ಬಿಗಿ ಮಾಡಿ ಮೈಯನ್ನು ಸಡಿಲ ಬಿಟ್ಟರೆ ಗಾಳ ಹೊರಬರೋಕೆ ಅಡ್ಡಿಯೇ ಇಲ್ಲ. ಮುದ್ದೆಯಾಗಿ ಕೆಳಗೆ ಕೂತ ಹುಳುವೇ ಹೆಚ್ಚು ಅಡ್ಡಿ. ‘ದಾರವೇ ಹರಿದರೆ ಏನ್ಮಾಡ್ತೀಯಾ?’ ಅಂತಲೂ ಕೇಳ್ತಾರೆ. ಆಗ ಎಲ್ಲ ಹೋಗುತ್ತೆ, ಒಪ್ಪಿದೆ. ಬಾಗಿಲು ಮುರಿಯುವ ಕಳ್ಳನಿದ್ದಾನೆ ಅಂತ ಯಾರೂ ಬೀಗ ಹಾಕದೆ ಮಲಗಲ್ಲವಲ್ಲ.

2013ರಲ್ಲಿ ಮೇಯ್ನ್ ರಾಜ್ಯದ ಶಾಸನಸಭೆಯಲ್ಲಿ ರಬ್ಬರ್ ಹುಳುಗಳನ್ನೇ ನಿಷೇಧಿಸುವ ಮಸೂದೆ ಬಂದಿತ್ತು. ನಿಷೇಧ ಆಗಲಿಲ್ಲ, ಬದಲಿಗೆ ಮೀನುಗಾರಿಕೆ ಇಲಾಖೆಗೆ ಅಧ್ಯಯನ ಮಾಡಲು ಹೇಳಿದರು. ನಾನೂ ನಿಷೇಧದ ಪರವಲ್ಲ. ಈ ಹುಳು ಬೇಕಾದ ಮಕ್ಕಳು, ಮುದುಕರು, ಬಡವರು ತುಂಬಾ ಜನ ಇದ್ದಾರೆ. ನಾನು ಕೇಳೋದು ಡಿಫಾಲ್ಟ್ ಬದಲಾಗಲಿ ಅಂತ. ನಮ್ಮ ಸಾಫ್ಟ್‌ವೇರಿನವರಿಗೆ ಚೆನ್ನಾಗಿ ಗೊತ್ತು, ನೂರರಲ್ಲಿ ತೊಂಬತ್ತು ಜನ ಸೆಟ್ಟಿಂಗ್ಸ್ ಮುಟ್ಟೋದೇ ಇಲ್ಲ. ಇವತ್ತು ಅಂಗಡಿಯಲ್ಲಿ ಮಾಮೂಲಿ ಗಾಳ ಒಂದು ಕಡೆ, ಹಿಡಿದಿಡುವ ಸ್ಪ್ರಿಂಗ್ ಬೇರೆ ಪ್ಯಾಕೆಟ್ಟಿನಲ್ಲಿ, ಬೇರೆ ದುಡ್ಡಿಗೆ. ಹುಳು ಹರಿದಷ್ಟೂ ಹುಳು ಮಾರುವವರಿಗೆ ಲಾಭವೇ ಹೊರತು ನಷ್ಟವಿಲ್ಲ. ಹೀಗಿರುವಾಗ ಅವರಾಗಿಯೇ ಬದಲಾಯಿಸ್ತಾರೆ ಅಂತ ಕಾಯೋದು ದಡ್ಡತನ. ಹಿಡಿತವಿಲ್ಲದ ಗಾಳ ಬೇಡ ಅಂತ ಕೊಳ್ಳುವವರೇ ಹೇಳಬೇಕು.

ಅದಕ್ಕೂ ಮೊದಲು ಎಲ್ಲರೂ ಮಾಡಬಹುದಾದ ಒಂದು ಲೆಕ್ಕ ಇದೆ. ಮ್ಯಾಲಕ್ ಮಾಡಿದ್ದಕ್ಕೆಲ್ಲ ಫ್ರೀ ಆಗಿದೆಯಾ ಅಂತ ನೋಡ್ತೀವಲ್ಲ, ಹಾಗೆ. ಪ್ಯಾಕೆಟ್ಟಿನಿಂದ ಬೆಳಿಗ್ಗೆ ಹತ್ತು ಹುಳು ತೆಗೆದಿದ್ದರೆ ಸಂಜೆ ಗಾಳದಲ್ಲಿರುವುದು, ಜೇಬಿನಲ್ಲಿರುವ ಹರಿದದ್ದು, ಎಲ್ಲ ಸೇರಿ ಹತ್ತಾಗಬೇಕು. ಮೂತಿ ಹರಿದ ಹುಳು ಕಸವೂ ಅಲ್ಲ. ಹರಿದಷ್ಟು ಕತ್ತರಿಸಿ ಜೇಬಿಗೆ ಹಾಕಿ, ಸ್ವಲ್ಪ ಕೆಳಗೆ ಚುಚ್ಚಿದರೆ ಇನ್ನೂ ಒಂದೆರಡು ಮೀನಿಗೆ ಆಗುತ್ತೆ. ಎಂಟು ಬಂದರೆ ಎರಡು ಲೀಕ್ ಆಗಿವೆ ಅಂತ ಅರ್ಥ. ಪ್ರೋಗ್ರಾಮಿನಲ್ಲಿ ಮೆಮೊರಿ ಲೀಕ್ ಆದರೆ ಮಷೀನ್ ರೀಸ್ಟಾರ್ಟ್ ಮಾಡಿ ಕೈ ತೊಳೆದುಕೊಳ್ಳಬಹುದು. ಕೆರೆಗೆ ರೀಸ್ಟಾರ್ಟ್ ಬಟನ್ ಇಲ್ಲ.

ಮೀನಿಗೆ ಮೋಸ ಮಾಡೋದೇ ಈ ಆಟದ ನಿಯಮ, ಅದರಲ್ಲಿ ತಕರಾರಿಲ್ಲ. ಆದರೆ ಆ ಮೋಸ ದಾರದ ತುದಿಯಲ್ಲಿ, ನಾವು ದಂಡೆಯಲ್ಲಿ ಇರುವಷ್ಟು ಹೊತ್ತು ಮಾತ್ರ ಇರಬೇಕು. ನಾವು ಮನೆಗೆ ಬಂದು ಊಟ ಮಾಡಿ ಮಲಗಿದ ಮೇಲೂ, ವರ್ಷಗಟ್ಟಲೆ, ಯಾರೂ ಹಿಡಿಯದ ಮೀನಿಗೆ ನಾವು ಮೋಸ ಮಾಡುತ್ತಲೇ ಇದ್ದರೆ ಅದು ಆಟ ಹೇಗಾಗುತ್ತೆ?

ನೀವೇನಂತೀರಿ?