ಶಾಲೆಯಲ್ಲಿ ಕಥೆಗೆ ಜಾಗ ಸಿಕ್ಕಿದೆ, ಕಲೆಗೆ ಸಿಕ್ಕಿದೆಯೇ?

ಪುಣ್ಯಕೋಟಿಯ ಕಥೆ ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಊರು ಬಿಟ್ಟು ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿದವರ ಮನೆಗಳಲ್ಲೂ ‘ಗೋವಿನ ಹಾಡು’ ಅಜ್ಜಿಯ ಬಾಯಿಂದಲೋ ಮೊಬೈಲ್‌ನಿಂದಲೋ ಕೇಳಿಸುತ್ತದೆ. ಆದರೆ ತರಗತಿಯಲ್ಲಿ ಈ ಹಾಡು ಮುಗಿದ ಕೂಡಲೇ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದರ ನೀತಿ ಏನು? ಮಕ್ಕಳು ‘ಸತ್ಯ’ ಎಂದು ಬರೆಯುತ್ತಾರೆ, ಅಂಕ ಸಿಗುತ್ತದೆ, ಪಾಠ ಮುಗಿಯುತ್ತದೆ. ಕರುವನ್ನು ಬಿಟ್ಟು ಹೊರಡುವಾಗ ಹಸುವಿನ ದನಿ ಹೇಗಿರಬೇಕು, ಹಸಿದ ಹುಲಿ ಹೇಗೆ ಹೆಜ್ಜೆ ಇಡುತ್ತದೆ, ಕಾಡಿನ ಚಿತ್ರಕ್ಕೆ ಯಾವ ಬಣ್ಣ ಎಂದು ಕೇಳುವವರು ವಿರಳ.

ಕಥೆ ಹೇಳಿ ಕಲಿಸುವ ವಿಧಾನಕ್ಕೆ ದೇಶದ ಶಾಲಾ ಶಿಕ್ಷಣದಲ್ಲಿ ಈಗ ಅಧಿಕೃತ ಮನ್ನಣೆ ಇದೆ. ಅದೇ ಹೊತ್ತಿನಲ್ಲಿ, ಪರೀಕ್ಷೆ ಹತ್ತಿರವಾದಂತೆ ಚಿತ್ರಕಲೆ, ಸಂಗೀತದ ಅವಧಿಗಳನ್ನು ಗಣಿತ, ವಿಜ್ಞಾನಕ್ಕೆ ಬಿಟ್ಟುಕೊಡುವ ಅಭ್ಯಾಸವೂ ಮುಂದುವರಿದಿದೆ. ಕಥೆಗೆ ಸಿಕ್ಕ ಮನ್ನಣೆಯಿಂದ ಕಲಾ ಶಿಕ್ಷಣಕ್ಕೆ ಬಲ ಬರಬೇಕಾದರೆ, ಕಥೆಯನ್ನು ಬೇರೆ ವಿಷಯಗಳ ಪಾಠ ಮುಗಿಸುವ ಉಪಾಯವಾಗಿ ಮಾತ್ರ ನೋಡುವುದನ್ನು ಮೊದಲು ಬಿಡಬೇಕು.

ಕಾಗದದ ಮೇಲೆ ಕೊರತೆಯಿಲ್ಲ

ಕಲಾ ಶಿಕ್ಷಣ ಹತ್ತನೇ ತರಗತಿವರೆಗೆ ಕಡ್ಡಾಯವಾಗಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿತ್ತು. ಒಂದರಿಂದ ಹನ್ನೆರಡನೇ ತರಗತಿವರೆಗೆ ವಾರಕ್ಕೆ ಕನಿಷ್ಠ 2 ಅವಧಿಗಳನ್ನು ಕಲೆಗೆ ಮೀಸಲಿಡುವಂತೆ ಸಿಬಿಎಸ್‌ಇ 2019ರಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಹಂತಗಳಲ್ಲೂ ಕಲೆ, ಕ್ರೀಡೆಗಳ ಜೊತೆಗೆ ಕಥೆಯನ್ನೂ ಬೋಧನೆಯ ಸಹಜ ವಿಧಾನವಾಗಿ ಬಳಸಬೇಕು ಎಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಕಥೆ ಹೇಳುವ ಪರಂಪರೆಯ ಪ್ರಸ್ತಾಪ ಬಂತು. ಬೆಂಗಳೂರಿನ ಕಥೆಗಾರರ ತಂಡವೂ ಅದರಲ್ಲಿ ಮಾತನಾಡಿತು.

2023ರ ಹೊಸ ಪಠ್ಯಕ್ರಮ ಚೌಕಟ್ಟು ಕಲಾ ಶಿಕ್ಷಣವನ್ನು ಪ್ರತ್ಯೇಕ ಕಲಿಕಾ ಕ್ಷೇತ್ರವಾಗಿ ಗುರುತಿಸಿದೆ. ಎನ್‌ಸಿಇಆರ್‌ಟಿ 2024ರಲ್ಲಿ ಮೂರನೇ ತರಗತಿಗೆ ‘ಬಾಂಸುರಿ’, ಆರನೇ ತರಗತಿಗೆ ‘ಕೃತಿ’ ಎಂಬ ಕಲಾ ಪಠ್ಯಪುಸ್ತಕಗಳನ್ನು ತಂದಿದೆ. ಚಿತ್ರ, ಸಂಗೀತ, ನೃತ್ಯ, ರಂಗಭೂಮಿ ಇವುಗಳಲ್ಲಿ ಸೇರಿವೆ. ಅಂದರೆ ನೀತಿಯ ಮಟ್ಟದಲ್ಲಿ ಹೇಳಬೇಕಾದ ಬಹುಪಾಲು ಮಾತನ್ನು ಹೇಳಿ ಆಗಿದೆ.

ಎರಡು ಮಾತುಗಳ ಗೊಂದಲ

ತೊಡಕು ಇರುವುದು ‘ಕಲೆಯ ಮೂಲಕ ಕಲಿಕೆ’ ಮತ್ತು ‘ಕಲೆಯ ಕಲಿಕೆ’ ಎರಡೂ ಒಂದೇ ಎಂದುಕೊಂಡಿರುವುದರಲ್ಲಿ. ಭಿನ್ನರಾಶಿ ಕಲಿಸಲು ರೊಟ್ಟಿ ಹಂಚಿಕೊಂಡ ಅಣ್ಣತಮ್ಮಂದಿರ ಕಥೆ ಹೇಳುವುದು ಒಳ್ಳೆಯ ಗಣಿತ ಪಾಠ. ಆದರೆ ಅದರಿಂದ ಮಗು ಕಥೆ ಕಟ್ಟುವುದನ್ನಾಗಲಿ, ದನಿ ಬಳಸುವುದನ್ನಾಗಲಿ ಕಲಿತಂತಾಗುವುದಿಲ್ಲ.

ಸಿಬಿಎಸ್‌ಇಯ ಕಲಾ ಸಂಯೋಜಿತ ಪ್ರಾಜೆಕ್ಟ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ‘ಏಕ್ ಭಾರತ್ ಶ್ರೇಷ್ಠ ಭಾರತ್’ ಯೋಜನೆಯಡಿ ಕರ್ನಾಟಕಕ್ಕೆ ಉತ್ತರಾಖಂಡ ಜೋಡಿ ರಾಜ್ಯ. ಅಲ್ಲಿನ ಜಾನಪದದ ಬಗ್ಗೆ ಪ್ರಾಜೆಕ್ಟ್ ಕೊಟ್ಟಾಗ ಮನೆಯಲ್ಲಿ ನಡೆಯುವುದೇನು ಎಂಬುದು ಹೆತ್ತವರಿಗೆಲ್ಲ ಗೊತ್ತು: ಇಂಟರ್ನೆಟ್‌ನಿಂದ ನಾಲ್ಕು ಚಿತ್ರ, ಒಂದು ಚಾರ್ಟ್ ಪೇಪರ್, ಅಂಟು, ರಾತ್ರಿ ಹತ್ತಕ್ಕೆ ಅಮ್ಮನ ಕೈಬರಹ. ಅದರ ಬದಲು ಆ ಬೆಟ್ಟದ ನಾಡಿನ ಒಂದೇ ಒಂದು ಕಥೆಯನ್ನು ಮಗು ಕೇಳಿ, ತನ್ನ ಮಾತಿನಲ್ಲಿ ತರಗತಿಯ ಮುಂದೆ ಹೇಳಿದ್ದರೆ ಉಳಿಯುತ್ತಿದ್ದುದೇ ಬೇರೆ.

ಈ ಬಗ್ಗೆ ಸಂಶೋಧಕರ ಎಚ್ಚರಿಕೆ ಹಳೆಯದು. ಹಾರ್ವರ್ಡ್‌ನ ‘ಪ್ರಾಜೆಕ್ಟ್ ಝೀರೊ’ದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲೆಂಡ್, ಕಲೆ ಕಲಿತರೆ ಉಳಿದ ವಿಷಯಗಳಲ್ಲೂ ಮಕ್ಕಳು ಮುಂದಾಗುತ್ತಾರೆಯೇ ಎಂಬ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2000ರಲ್ಲಿ ವರದಿ ಮಾಡಿದರು. ಬಹುಪಾಲು ಹೇಳಿಕೆಗಳಿಗೆ ಗಟ್ಟಿ ಆಧಾರ ಸಿಗಲಿಲ್ಲ. ಆಧಾರ ಸಿಕ್ಕ ಕೆಲವೇ ಕಡೆಗಳಲ್ಲಿ ಒಂದು, ತರಗತಿಯಲ್ಲಿ ಆಡುವ ನಾಟಕ. ಕಥೆಯನ್ನು ಅಭಿನಯಿಸಿದ ಮಕ್ಕಳ ಭಾಷಾ ಸಾಮರ್ಥ್ಯ ಹೆಚ್ಚಿತ್ತು. ಆದರೂ ಅವರು ಕಲೆಯನ್ನು ಬೇರೆ ವಿಷಯಗಳ ಅಂಕದ ಹೆಸರಿನಲ್ಲಿ ಸಮರ್ಥಿಸಬೇಡಿ ಎಂದೇ ಹೇಳಿದರು. ಅಂಕ ಏರದಿದ್ದರೆ ಮೊದಲು ಹೋಗುವುದು ಕಲೆಯ ಅವಧಿಯೇ ಎಂಬುದು ಅವರ ಆತಂಕ. 2013ರಲ್ಲಿ ಒಇಸಿಡಿ ಪ್ರಕಟಿಸಿದ ವರದಿಯ ಧ್ವನಿಯೂ ಹೆಚ್ಚುಕಡಿಮೆ ಇದೇ.

ಒಂದು ಕಥೆ, ನಾಲ್ಕು ವಾರ

ಹಾಗಾದರೆ ಕಥೆಯಿಂದ ಕಲೆಗೆ ಹೋಗುವುದು ಹೇಗೆ? ವಾರಕ್ಕೆ 2 ಅವಧಿ ಎಂದರೆ ತಿಂಗಳಿಗೆ 8. ಪುಣ್ಯಕೋಟಿಯ ಒಂದು ಕಥೆಗೆ ಇಷ್ಟು ಸಾಕು.

ಮೊದಲ ವಾರ ಶಿಕ್ಷಕರು ಪುಸ್ತಕ, ಚಿತ್ರ, ವಿಡಿಯೊ ಯಾವುದೂ ಇಲ್ಲದೆ ಕಥೆ ಹೇಳುತ್ತಾರೆ. ಚಿತ್ರ ತೋರಿಸದಿರುವುದು ಮುಖ್ಯ. ತರಗತಿಯಲ್ಲಿ 40 ಮಕ್ಕಳಿದ್ದರೆ 40 ಹುಲಿಗಳು ಹುಟ್ಟಬೇಕು. ಎರಡನೇ ವಾರ ಮಕ್ಕಳು ಅದೇ ಕಥೆಯನ್ನು ಒಬ್ಬರಿಗೊಬ್ಬರು ಹೇಳುತ್ತಾರೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನು ತಾವೇ ಕಂಡುಕೊಳ್ಳುತ್ತಾರೆ. ಹಾಡಿನ ಲಯ, ಹೆಜ್ಜೆಯ ತಾಳ ಇಲ್ಲೇ ಬರುತ್ತವೆ. ಮೂರನೇ ವಾರ ಚಿತ್ರ. ಬೋರ್ಡಿನ ಮೇಲಿನ ಹಸುವನ್ನು ನಕಲು ಮಾಡುವ ಬದಲು, ಕಥೆಯ ಯಾವ ಕ್ಷಣವನ್ನು ಬರೆಯಬೇಕು ಎಂದು ಮಗುವೇ ಆರಿಸಬೇಕು. ನಾಲ್ಕನೇ ವಾರ ಅಭಿನಯ. ಕೊನೆಗೆ ಹುಲಿ ಸಾಯಲೇಬೇಕಿತ್ತೇ ಎಂದು ಯಾವುದಾದರೂ ಮಗು ಕೇಳಿದರೆ, ಆ ತರಗತಿ ಗೆದ್ದಂತೆ. ನೀತಿಯ ಪ್ರಶ್ನೆಗೆ ಆಗ ನಿಜವಾದ ಅರ್ಥ ಬರುತ್ತದೆ.

ಇದು ಹೊಸ ಕಂಡುಹಿಡಿತವೇನಲ್ಲ. ವಕೀಲಿಕೆ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ಅವರ ‘ದಿವಾಸ್ವಪ್ನ’ದಲ್ಲಿ ನಾಲ್ಕನೇ ತರಗತಿಯ ಗದ್ದಲದ ಮಕ್ಕಳನ್ನು ಹಿಡಿದಿಡುವುದು ಬೆತ್ತವಲ್ಲ, ಕಥೆ. ಅಲ್ಲಿಂದ ಮಕ್ಕಳು ಪುಸ್ತಕಕ್ಕೆ, ಆಟಕ್ಕೆ, ನಾಟಕಕ್ಕೆ ಹೋಗುತ್ತಾರೆ. ಕರ್ನಾಟಕದಲ್ಲೂ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿಕಲಿ’ ಹಾಡು, ಕಥೆ, ಚಟುವಟಿಕೆಗಳನ್ನು ಸರ್ಕಾರಿ ಶಾಲೆಯ ಕಿರಿಯ ತರಗತಿಗಳಿಗೆ ತಂದಿತು. ಬಡ ಶಾಲೆಗಳಲ್ಲಿ ಇದೆಲ್ಲ ಆಗದು ಎಂಬ ವಾದಕ್ಕೆ ಅದೇ ಉತ್ತರ. ಆದರೆ ಮಕ್ಕಳು ಮೇಲಿನ ತರಗತಿಗೆ ಹೋದಂತೆ ಕಥೆ ಹಿಂದೆ ಸರಿಯುತ್ತದೆ, ಗೈಡು ಮುಂದೆ ಬರುತ್ತದೆ.

ಕಥೆಗಾರರು ಶಾಲೆಯ ಹೊರಗೇ ಇದ್ದಾರೆ

ಭಾರತದಲ್ಲಿ ಕಥೆ ಮತ್ತು ಕಲೆ ಬೇರೆ ಬೇರೆಯಾಗಿರಲಿಲ್ಲ. ತೊಗಲು ಗೊಂಬೆಯಾಟದಲ್ಲಿ ಚಿತ್ರ, ಹಾಡು, ಮಾತು, ಬೆಳಕು ಎಲ್ಲವೂ ಒಂದೇ ಪರದೆಯ ಮೇಲಿವೆ. ಈ ಕಲೆಯನ್ನು ಜೀವಮಾನವಿಡೀ ಆಡಿಸಿದ ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಚಿತ್ರಕಥಿ ಕಲಾವಿದರು ಬಿಡಿ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತ ಕಥೆ ಹಾಡುತ್ತಾರೆ. ಅಲ್ಲಿನ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿದೆ. ತೆಲಂಗಾಣದ ಚೇರಿಯಾಲದ ಸುರುಳಿ ಚಿತ್ರಗಳು ಕಥೆ ಹೇಳುವವರಿಗಾಗಿಯೇ ಹುಟ್ಟಿದವು. ತಮಿಳುನಾಡಿನ ದಕ್ಷಿಣ ಜಿಲ್ಲೆಗಳ ವಿಲ್ಲುಪ್ಪಾಟ್ಟಿನಲ್ಲಿ ಬಿಲ್ಲೇ ವಾದ್ಯ.

ಪ್ರಶಸ್ತಿ ಕೊಟ್ಟು ಕೈತೊಳೆದುಕೊಂಡರೆ ಈ ವಿದ್ಯೆ ಮುಂದಿನ ತಲೆಮಾರಿಗೆ ದಾಟುವುದಿಲ್ಲ. ಸ್ಥಳೀಯ ಕಲಾವಿದರನ್ನು ಶಾಲೆಗಳಲ್ಲಿ ಬೋಧಕರಾಗಿ ನೇಮಿಸಿಕೊಳ್ಳಬೇಕು ಎಂದು 2020ರ ನೀತಿಯೇ ಹೇಳಿದೆ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ 10 ‘ಬ್ಯಾಗ್ ರಹಿತ’ ದಿನಗಳ ಅವಕಾಶವೂ ಅದರಲ್ಲಿದೆ. ಇವೆರಡನ್ನೂ ಜೋಡಿಸಿದರೆ ಪುಣೆಯ ಮಗು ಚಿತ್ರಕಥಿಯನ್ನೂ ಹೈದರಾಬಾದ್‌ನ ಮಗು ಚೇರಿಯಾಲವನ್ನೂ ಕಲಾವಿದರಿಂದಲೇ ಕಲಿಯಬಹುದು. ಕಲಾವಿದರನ್ನು ವಾರ್ಷಿಕೋತ್ಸವಕ್ಕೆ ಕರೆದು ಶಾಲು ಹೊದಿಸಿ ಕಳಿಸುವುದಕ್ಕಿಂತ, ಒಂದು ತಿಂಗಳು ಸಂಭಾವನೆ ಕೊಟ್ಟು ಕಲಿಸಲು ಬಿಡುವುದು ಶಾಲೆಗೂ ಅವರಿಗೂ ಲಾಭ.

ಅಡ್ಡಿ ಎಲ್ಲಿ?

ಮೊದಲ ಅಡ್ಡಿ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕೂ ಹೆಚ್ಚು ಮಕ್ಕಳಿದ್ದರೆ ಮಾತ್ರ ಕಲಾ ಬೋಧಕರು ಬೇಕು, ಅದೂ ಅರೆಕಾಲಿಕ. ಕಡಿಮೆ ಮಕ್ಕಳಿರುವ ಹಳ್ಳಿ ಶಾಲೆಗಳು, ನಗರಗಳಲ್ಲಿ ಸೊರಗುತ್ತಿರುವ ಕನ್ನಡ ಮಾಧ್ಯಮ ಶಾಲೆಗಳು ಈ ಲೆಕ್ಕದಿಂದ ಹೊರಗೇ ಉಳಿಯುತ್ತವೆ. ಅಲ್ಲಿ ಇರುವ ಶಿಕ್ಷಕರೇ ಕಥೆಗಾರರಾಗಬೇಕು. ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಎನ್ನುತ್ತದೆ ನೀತಿ. ಅದರಲ್ಲಿ ಕೆಲವು ಗಂಟೆಯಾದರೂ ಸ್ಲೈಡ್ ನೋಡುವ ಬದಲು ಎದ್ದು ನಿಂತು ಕಥೆ ಹೇಳುವ ಅಭ್ಯಾಸಕ್ಕೆ ಸಿಗಬೇಕು. 1998ರಿಂದ ಬೆಂಗಳೂರಿನ ‘ಕಥಾಲಯ’ದಂಥ ಸಂಸ್ಥೆಗಳು ಇಂಥ ತರಬೇತಿ ನೀಡುತ್ತಿವೆ.

ಎರಡನೆಯದು ಸ್ಪರ್ಧೆಯ ಗೀಳು. ಕಂಠಪಾಠ ಮಾಡಿಸಿ, ವೇಷ ಹಾಕಿಸಿ, 3 ನಿಮಿಷದಲ್ಲಿ ಕಥೆ ಒಪ್ಪಿಸುವ ಮಗುವಿಗೆ ಬಹುಮಾನ ಸಿಗಬಹುದು. ಉಳಿದ 39 ಮಕ್ಕಳು ಚಪ್ಪಾಳೆ ತಟ್ಟುವವರಾಗುತ್ತಾರೆ. ಮೂರನೆಯದು ಕಥೆಯ ಆಯ್ಕೆ. ಮಲತಾಯಿ ಎಂದರೆ ಕೆಟ್ಟವಳು, ಕಪ್ಪು ಬಣ್ಣ ಎಂದರೆ ರಾಕ್ಷಸ ಎಂಬ ಹಳೆಯ ಅಚ್ಚುಗಳನ್ನು ಪ್ರಶ್ನಿಸದೆ ದಾಟಿಸಿದರೆ ಕಥೆ ಹಾನಿಯನ್ನೂ ಮಾಡೀತು.

ಇದಕ್ಕೆಲ್ಲ ಹೊಸ ನೀತಿ ಬೇಕಿಲ್ಲ. ವೇಳಾಪಟ್ಟಿಯಲ್ಲಿರುವ 2 ಅವಧಿಗಳನ್ನು ಕಾಪಾಡುವುದು, ಕಲಾವಿದರ ಸಂಭಾವನೆಗೆ ಶಾಲಾ ಅನುದಾನದಲ್ಲಿ ಒಂದು ಸಾಲು ಸೇರಿಸುವುದು, ಸಣ್ಣ ಶಾಲೆಗಳ ಗುಂಪಿಗೆ ಒಬ್ಬ ಪೂರ್ಣಾವಧಿ ಕಲಾ ಶಿಕ್ಷಕರನ್ನು ಕೊಡುವುದು ರಾಜ್ಯ ಸರ್ಕಾರಗಳ ಕೈಯಲ್ಲಿರುವ ಕೆಲಸ. ಮುಂದಿನ ಪೋಷಕರ ಸಭೆಯಲ್ಲಿ ಹೆತ್ತವರೂ ಅಂಕಪಟ್ಟಿಯ ಜೊತೆಗೆ ಇನ್ನೊಂದು ವಿಷಯ ಕೇಳಬಹುದು: ಈ ತಿಂಗಳು ಕಲೆಯ 8 ಅವಧಿಗಳಲ್ಲಿ ಎಷ್ಟು ನಡೆದವು?